ಪರಮಾಣುವಿನಲ್ಲಿ, ಅಯಾನಿನಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ? ಲೆಕ್ಕ ಹಾಕುವ ಬಗೆ

ಎಸ್ಸೆಸ್ಸೆಲ್ಸಿಯಿಂದ ಹಿಡಿದು ಪಿಯುಸಿ, ಸಿಇಟಿ, ನೀಟ್‌ವರೆಗೂ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಈ ಪರಮಾಣುವಿನಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ? ಈ ಅಯಾನಿನಲ್ಲಿ (ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಇಲ್ಲವೇ ಹೆಚ್ಚಿಗೆ ಪಡೆದ ಪರಮಾಣು ಅಥವಾ ಪರಮಾಣುಗಳ ಗುಂಪಿನಲ್ಲಿ) ಎಷ್ಟು? ಕೂಡುವುದು, ಕಳೆಯುವುದು ಬಂದರೆ ಸಾಕು, ಉತ್ತರ ಸಿಗುತ್ತದೆ. ಆದರೂ ಚೆನ್ನಾಗಿ ಓದುವ ಮಕ್ಕಳೇ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಲೆಕ್ಕ ಕಷ್ಟ ಅಂತಲ್ಲ. ಒಂದೊಂದು ಅಯಾನಿನ ಎಲೆಕ್ಟ್ರಾನ್ ಸಂಖ್ಯೆಯನ್ನೂ ಬಾಯಿಪಾಠ ಮಾಡಲು ಹೋಗುತ್ತಾರೆ, ಪರೀಕ್ಷೆಯಲ್ಲಿ ಅದು ಕಲಸಿಹೋಗುತ್ತದೆ.

ಬಾಯಿಪಾಠದ ಅಗತ್ಯವೇ ಇಲ್ಲ. ಎರಡು ಸಂಗತಿ ಗೊತ್ತಾದರೆ ಸಾಕು: ಪ್ರೋಟಾನ್ ಎಷ್ಟಿವೆ, ಆವೇಶ (ಅಂದರೆ ಚಾರ್ಜ್) ಎಷ್ಟಿದೆ.

ಎಲೆಕ್ಟ್ರಾನ್‌ಗಳು = ಪ್ರೋಟಾನ್‌ಗಳು − ಆವೇಶ

ಆವೇಶವನ್ನು ಅದರ ಚಿಹ್ನೆಯ ಸಮೇತ ಹಾಕಬೇಕು, ಅಷ್ಟೇ. ಈ ಒಂದೇ ಸಾಲು ಹೈಡ್ರೋಜನ್‌ನಿಂದ ಯುರೇನಿಯಂವರೆಗೆ, ಪ್ರಯೋಗಾಲಯದ ಗಾಜಿನ ಬೀಕರ್‌ನಿಂದ ಸೂರ್ಯನ ಹೊರವಲಯದವರೆಗೆ ಎಲ್ಲ ಕಡೆಯೂ ಕೆಲಸ ಮಾಡುತ್ತದೆ. ಇನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲ ಹೆಜ್ಜೆ: ಪರಮಾಣು ಸಂಖ್ಯೆ ಹುಡುಕಿ

ಧಾತುವಿನ ಗುರುತು ಇರುವುದು ಅದರ ಪ್ರೋಟಾನ್‌ಗಳಲ್ಲಿ. 11 ಪ್ರೋಟಾನ್ ಇದ್ದರೆ ಅದು ಸೋಡಿಯಂ, 12 ಇದ್ದರೆ ಮೆಗ್ನೀಸಿಯಂ. ಎಲೆಕ್ಟ್ರಾನ್ ಬರಬಹುದು, ಹೋಗಬಹುದು. ನ್ಯೂಟ್ರಾನ್ ಒಂದೆರಡು ಹೆಚ್ಚುಕಡಿಮೆ ಇರಬಹುದು. ಪ್ರೋಟಾನ್ ಸಂಖ್ಯೆ ಬದಲಾಯಿತೋ, ಆ ಧಾತುವೇ ಬೇರೆಯಾಯಿತು. ಪ್ರೋಟಾನ್‌ಗಳ ಈ ಸಂಖ್ಯೆಗೇ ಪರಮಾಣು ಸಂಖ್ಯೆ ಅನ್ನುವುದು. ತಟಸ್ಥ ಪರಮಾಣುವಿನಲ್ಲಿ ಪ್ರೋಟಾನ್ ಎಷ್ಟೋ ಎಲೆಕ್ಟ್ರಾನೂ ಅಷ್ಟೇ. ಕಾರ್ಬನ್‌ನಲ್ಲಿ 6, ಆಕ್ಸಿಜನ್‌ನಲ್ಲಿ 8, ಕಬ್ಬಿಣದಲ್ಲಿ 26, ಚಿನ್ನದಲ್ಲಿ 79. ಪ್ರಶ್ನೆ ಬರೀ ಪರಮಾಣುವಿನ ಬಗ್ಗೆ ಇದ್ದರೆ ಇಲ್ಲಿಗೇ ಮುಗಿಯಿತು.

ಆವರ್ತಕ ಕೋಷ್ಟಕದ ಒಂದು ಚೌಕವನ್ನು ಹತ್ತಿರದಿಂದ ನೋಡಿ. ಕ್ಲೋರಿನ್ ಚೌಕದಲ್ಲಿ ಎರಡು ಸಂಖ್ಯೆ ಇರುತ್ತವೆ: 17 ಮತ್ತು 35.45. ನಮಗೆ ಬೇಕಾದದ್ದು 17. ಇನ್ನೊಂದು ಪರಮಾಣು ರಾಶಿ, ಅಂದರೆ ತೂಕ. ಕೆಲವು ಚಾರ್ಟ್‌ಗಳಲ್ಲಿ ಪರಮಾಣು ಸಂಖ್ಯೆ ಮೇಲಿರುತ್ತದೆ, ಕೆಲವದರಲ್ಲಿ ಕೆಳಗೆ. ಹಾಗಾಗಿ ಜಾಗ ನೋಡಿ ಆರಿಸಬೇಡಿ. ದಶಮಾಂಶ ಬಿಂದು ಇಲ್ಲದ ಸಂಖ್ಯೆ ತೆಗೆದುಕೊಳ್ಳಿ ಅಂತ ಹೇಳಿಕೊಡುವವರಿದ್ದಾರೆ. ಬಹುತೇಕ ಸಲ ಅದು ಸರಿ. ಆದರೆ ಟೆಕ್ನೀಶಿಯಂನಂಥ ವಿಕಿರಣಶೀಲ ಧಾತುಗಳ ಚೌಕದಲ್ಲಿ ರಾಶಿಯನ್ನೂ ಆವರಣದೊಳಗೆ ಪೂರ್ಣಾಂಕವಾಗಿಯೇ ಬರೆದಿರುತ್ತಾರೆ. ನಂಬಬಹುದಾದ ಪರೀಕ್ಷೆ ಇದು: ಬಲಗಡೆಯ ಚೌಕ ನೋಡಿ. ಕ್ಲೋರಿನ್ 17, ಪಕ್ಕದ ಆರ್ಗಾನ್ 18. ಯಾವ ಸಂಖ್ಯೆ ಒಂದೊಂದಾಗಿ ಏರುತ್ತದೋ ಅದೇ ಪರಮಾಣು ಸಂಖ್ಯೆ.

ಹೀಗೆ ಒಂದೊಂದಾಗಿ ಏರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಕೊಟ್ಟದ್ದು ಹೆನ್ರಿ ಮೋಸ್ಲಿ ಎಂಬ ಇಂಗ್ಲಿಷ್ ಯುವಕ. 1913ರಲ್ಲಿ ಆತ ಒಂದೊಂದೇ ಧಾತು ಹೊರಸೂಸುವ ಎಕ್ಸ್ ಕಿರಣಗಳನ್ನು ಅಳೆದ. ಧಾತುವಿನಿಂದ ಮುಂದಿನ ಧಾತುವಿಗೆ ಹೋದಂತೆ ಆ ಕಿರಣಗಳ ಆವರ್ತಾಂಕ ಒಂದು ಕ್ರಮದಲ್ಲಿ ಏರುವುದು ಕಂಡಿತು. ಅದಕ್ಕೂ ಮುಂಚೆ ಧಾತುಗಳನ್ನು ತೂಕ ನೋಡಿ ಸಾಲಾಗಿ ನಿಲ್ಲಿಸುತ್ತಿದ್ದರು, ಮತ್ತು ಕೆಲವು ಜೋಡಿಗಳು ತಲೆನೋವು ತಂದಿದ್ದವು. ಆರ್ಗಾನ್‌ನ ಪರಮಾಣು ರಾಶಿ 39.95, ಪೊಟ್ಯಾಸಿಯಂದು 39.10. ತೂಕದ ಪ್ರಕಾರ ಪೊಟ್ಯಾಸಿಯಂ ಮೊದಲು ಬರಬೇಕು, ಗುಣದ ಪ್ರಕಾರ ಆರ್ಗಾನ್. ಟೆಲ್ಯೂರಿಯಂ ಮತ್ತು ಅಯೋಡಿನ್ ಜೋಡಿಯದೂ ಇದೇ ಕಥೆ. ಪರಮಾಣು ಸಂಖ್ಯೆಯ ಪ್ರಕಾರ ಜೋಡಿಸಿದಾಗ ಆ ಗೊಂದಲ ಹೋಯಿತು. ಇಷ್ಟು ದೊಡ್ಡ ಕೆಲಸ ಮಾಡಿದ ಮೋಸ್ಲಿ 1915ರಲ್ಲಿ, 27ನೇ ವಯಸ್ಸಿಗೆ, ಗಲಿಪೊಲಿ ಯುದ್ಧದಲ್ಲಿ ಗುಂಡಿಗೆ ಬಲಿಯಾದ. ಆವರ್ತಕ ಕೋಷ್ಟಕದ ಪಾಠದಲ್ಲಿ ಅವನ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುವುದು ನನಗೆ ಬೇಸರದ ಸಂಗತಿ.

ತೂಕದ ಕಥೆ ಹೇಳಿದ್ದಕ್ಕೆ ಕಾರಣವಿದೆ. ರಾಶಿ ಸಂಖ್ಯೆಯನ್ನು (ಪ್ರೋಟಾನ್, ನ್ಯೂಟ್ರಾನ್ ಸೇರಿದ ಒಟ್ಟು) ಅರ್ಧ ಮಾಡಿ ಎಲೆಕ್ಟ್ರಾನ್ ಸಂಖ್ಯೆ ಹೇಳುವ ಅಭ್ಯಾಸ ಕೆಲವರಿಗಿದೆ. ಕಾರ್ಬನ್ 12ಕ್ಕೆ 6, ಆಕ್ಸಿಜನ್ 16ಕ್ಕೆ 8, ಕ್ಯಾಲ್ಸಿಯಂ 40ಕ್ಕೆ 20 ಸರಿಬರುತ್ತದೆ, ನಿಜ. ಕಬ್ಬಿಣ 56ಕ್ಕೆ ಮಾಡಿ ನೋಡಿ: 28 ಬರುತ್ತದೆ, ಸರಿ ಉತ್ತರ 26. ಯುರೇನಿಯಂ 238ಕ್ಕೆ 119 ಬರುತ್ತದೆ, ಇರಬೇಕಾದದ್ದು 92. ನ್ಯೂಟ್ರಾನ್‌ಗೂ ಎಲೆಕ್ಟ್ರಾನ್ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಕಾರ್ಬನ್ 12 ಆಗಲಿ, ಹಳೆಯ ವಸ್ತುಗಳ ಕಾಲ ಅಳೆಯುವ ಕಾರ್ಬನ್ 14 ಆಗಲಿ, ಎರಡರಲ್ಲೂ ಇರುವುದು 6 ಎಲೆಕ್ಟ್ರಾನ್.

ಎರಡನೇ ಹೆಜ್ಜೆ: ಸಂಕೇತದ ನಾಲ್ಕು ಮೂಲೆ ಓದಿ

ಧಾತುವಿನ ಸಂಕೇತದ ಸುತ್ತ ನಾಲ್ಕು ಮೂಲೆಗಳಲ್ಲೂ ಅಂಕಿ ಬರಬಹುದು. ನಾಲ್ಕಕ್ಕೂ ಬೇರೆ ಬೇರೆ ಅರ್ಥ.

ಎಡಗಡೆ ಮೇಲೆ: ರಾಶಿ ಸಂಖ್ಯೆ (ಪ್ರೋಟಾನ್ + ನ್ಯೂಟ್ರಾನ್).
ಎಡಗಡೆ ಕೆಳಗೆ: ಪರಮಾಣು ಸಂಖ್ಯೆ.
ಬಲಗಡೆ ಮೇಲೆ: ಆವೇಶ.
ಬಲಗಡೆ ಕೆಳಗೆ: ಅಂಥ ಪರಮಾಣುಗಳು ಎಷ್ಟಿವೆ ಅನ್ನುವುದು.

ಜಾಸ್ತಿ ತಪ್ಪಾಗುವುದು ಬಲಗಡೆಯ ಎರಡರಲ್ಲಿ. ಕೈಬರಹದಲ್ಲಿ ಮೇಲಿನ 2 ಸ್ವಲ್ಪ ಕೆಳಗಿಳಿದರೆ ಎರಡು ಪರಮಾಣು ಆಗಿಬಿಡುತ್ತದೆ. ಆವೇಶದ ಪಕ್ಕ ಯಾವಾಗಲೂ ಪ್ಲಸ್ ಅಥವಾ ಮೈನಸ್ ಇರುತ್ತದೆ, ಅದನ್ನೇ ಗುರುತಾಗಿ ಇಟ್ಟುಕೊಳ್ಳಿ. ಅಂಕಿ ಇಲ್ಲದೆ ಬರೀ ಪ್ಲಸ್ ಇದ್ದರೆ 1+, ಬರೀ ಮೈನಸ್ ಇದ್ದರೆ 1−. ಬಲಗಡೆ ಮೇಲೆ ಏನೂ ಇಲ್ಲದಿದ್ದರೆ ಆವೇಶ ಸೊನ್ನೆ.

ಮೂರನೇ ಹೆಜ್ಜೆ: ಆವೇಶವನ್ನು ಕಳೆಯಿರಿ

ಎಲೆಕ್ಟ್ರಾನಿನ ಆವೇಶ ಮೈನಸ್ 1. ಹಾಗಾಗಿ ಅದನ್ನು ಮನೆಯ ಲೆಕ್ಕದಲ್ಲಿರುವ ಸಾಲದ ಹಾಗೆ ನೋಡಬಹುದು. ಒಂದು ರೂಪಾಯಿ ಸಾಲ ಹೋದರೆ ಲೆಕ್ಕ ಒಂದು ರೂಪಾಯಿ ಮೇಲಕ್ಕೆ ಬರುತ್ತದೆ. ಒಂದು ರೂಪಾಯಿ ಸಾಲ ಸೇರಿದರೆ ಕೆಳಕ್ಕೆ ಇಳಿಯುತ್ತದೆ. ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡರೆ ಆವೇಶ ಪ್ಲಸ್, ಪಡೆದುಕೊಂಡರೆ ಮೈನಸ್. "ಪ್ಲಸ್ ಇದೆ, ಹಾಗಾದರೆ ಕೂಡಿಸೋಣ" ಅಂತ ಕೈ ತಾನಾಗಿಯೇ ಹೋಗುತ್ತದೆ. ಅಲ್ಲೇ ಕೈ ಹಿಡಿಯಬೇಕು.

ಸೋಡಿಯಂ ಅಯಾನು, 1+: 11 − 1 = 10.
ಕ್ಲೋರೈಡ್ ಅಯಾನು, 1−: 17 − (−1) = 18.
ಕ್ಯಾಲ್ಸಿಯಂ ಅಯಾನು, 2+: 20 − 2 = 18.
ಆಕ್ಸೈಡ್ ಅಯಾನು, 2−: 8 + 2 = 10.
ಅಲ್ಯೂಮಿನಿಯಂ ಅಯಾನು, 3+: 13 − 3 = 10.
ಹೈಡ್ರೋಜನ್ ಅಯಾನು, 1+: 1 − 1 = 0.

ಕೊನೆಯದನ್ನು ಕಂಡು ಗಾಬರಿಯಾಗಬೇಡಿ. ಹೈಡ್ರೋಜನ್ ಅಯಾನಿನಲ್ಲಿ ಎಲೆಕ್ಟ್ರಾನೇ ಇಲ್ಲ, ಉಳಿದಿರುವುದು ಬರೀ ಪ್ರೋಟಾನ್. ನೀರಿನಲ್ಲಿ ಅದು ಒಂಟಿಯಾಗಿ ಇರಲಾರದು, ನೀರಿನ ಅಣುವಿಗೆ ಅಂಟಿಕೊಂಡು ಹೈಡ್ರೋನಿಯಂ ಆಗುತ್ತದೆ. ಸೊನ್ನೆಗಿಂತ ಕಡಿಮೆ ಬಂದರೆ ಮಾತ್ರ ನಿಮ್ಮ ಲೆಕ್ಕ ತಪ್ಪು.

ಒಂದೇ ಒಂದು ಎಲೆಕ್ಟ್ರಾನ್ ಆಚೀಚೆ ಆದರೆ ಏನು ಮಹಾ ಅನ್ನಿಸಬಹುದು. ಸೋಡಿಯಂ ಲೋಹದ ಪರಮಾಣುವಿನಲ್ಲಿ 11 ಎಲೆಕ್ಟ್ರಾನ್. ಅದರ ಚೂರನ್ನು ನೀರಿಗೆ ಹಾಕಿದರೆ ಬುಸುಗುಟ್ಟುತ್ತಾ ಓಡಾಡಿ ಬೆಂಕಿ ಹತ್ತಿಕೊಳ್ಳುತ್ತದೆ. ಅದಕ್ಕೇ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. 10 ಎಲೆಕ್ಟ್ರಾನ್‌ನ ಸೋಡಿಯಂ ಅಯಾನನ್ನು ನಾವು ಉಪ್ಪಿನ ಜೊತೆ ದಿನವೂ ತಿನ್ನುತ್ತೇವೆ. ರಕ್ತದ ಕಬ್ಬಿಣವನ್ನೇ ನೋಡಿ. ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕವನ್ನು ಹಿಡಿಯಬಲ್ಲದ್ದು 2+ ಸ್ಥಿತಿಯ ಕಬ್ಬಿಣ, 24 ಎಲೆಕ್ಟ್ರಾನ್. ಅದು ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡು 3+ ಆದರೆ, ಅಂದರೆ 23ಕ್ಕೆ ಇಳಿದರೆ, ಆಮ್ಲಜನಕ ಹಿಡಿಯಲು ಆಗುವುದಿಲ್ಲ. ನೈಟ್ರೇಟ್ ಜಾಸ್ತಿ ಇರುವ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟ ಎಳೆಗೂಸುಗಳ ಮೈ ನೀಲಿಗಟ್ಟುವುದು ಇದೇ ಕಾರಣಕ್ಕೆ.

ಆವೇಶ ಕೊಡದೆ ಬರೀ ಹೆಸರು ಕೊಟ್ಟರೆ

ಸಾಮಾನ್ಯವಾಗಿ ಗುಂಪು (ಅಂದರೆ ಆವರ್ತಕ ಕೋಷ್ಟಕದ ಲಂಬಸಾಲು) ನೋಡಿದರೆ ಗೊತ್ತಾಗುತ್ತದೆ. ಮೊದಲ ಗುಂಪಿನ ಸೋಡಿಯಂ, ಪೊಟ್ಯಾಸಿಯಂ 1+. ಎರಡನೇ ಗುಂಪಿನ ಮೆಗ್ನೀಸಿಯಂ, ಕ್ಯಾಲ್ಸಿಯಂ 2+. 17ನೇ ಗುಂಪಿನ ಫ್ಲೋರೈಡ್, ಕ್ಲೋರೈಡ್, ಬ್ರೋಮೈಡ್, ಅಯೋಡೈಡ್ 1−. 16ನೇ ಗುಂಪಿನ ಆಕ್ಸೈಡ್, ಸಲ್ಫೈಡ್ 2−. ನೈಟ್ರೈಡ್ 3−.

ನಡುವಿನ ಲೋಹಗಳಿಗೆ ಗುಂಪು ನೆರವಾಗುವುದಿಲ್ಲ, ಹೆಸರನ್ನೇ ಓದಬೇಕು. ರಕ್ತಹೀನತೆಗೆ ಕೊಡುವ ಮಾತ್ರೆಯ ಪಟ್ಟಿಯ ಮೇಲೆ "ಫೆರಸ್" ಅಂತ ಇದ್ದರೆ ಅದು 2+, ಎಲೆಕ್ಟ್ರಾನ್ 24. "ಫೆರಿಕ್" ಆದರೆ 3+, 23. ಕ್ಯುಪ್ರಸ್ 1+ ಮತ್ತು 28, ಕ್ಯುಪ್ರಿಕ್ 2+ ಮತ್ತು 27. ಹೆಸರಿನ ಮುಂದೆ ಆವರಣದಲ್ಲಿ ರೋಮನ್ ಅಂಕಿ ಇದ್ದರೆ ಆ ಅಂಕಿಯೇ ಆವೇಶ.

ಹೆಸರೂ ಇಲ್ಲದೆ ಸೂತ್ರ ಮಾತ್ರ ಕೊಟ್ಟರೆ ಜೊತೆಗಾರನನ್ನು ನೋಡಿ. ಒಂದು ಕಬ್ಬಿಣಕ್ಕೆ ಮೂರು ಕ್ಲೋರೈಡ್ ಇದ್ದರೆ ಮೈನಸ್ ಒಟ್ಟು 3, ಹಾಗಾಗಿ ಕಬ್ಬಿಣ 3+.

ಹಲವು ಪರಮಾಣು ಸೇರಿ ಆದ ಅಯಾನು

ಇಲ್ಲೂ ಅದೇ ಸೂತ್ರ. ಎಲ್ಲ ಪರಮಾಣುಗಳ ಪ್ರೋಟಾನ್ ಕೂಡಿಸಿ, ಕೊನೆಗೆ ಒಂದೇ ಸಲ ಆವೇಶ ಕಳೆಯಿರಿ. ಆವೇಶ ಇಡೀ ಗುಂಪಿನದು. ಅದನ್ನು ಒಂದೊಂದು ಪರಮಾಣುವಿಗೂ ಹಚ್ಚಲು ಹೋಗಬೇಡಿ.

ಸಲ್ಫೇಟ್: ಒಂದು ಸಲ್ಫರ್ 16, ನಾಲ್ಕು ಆಕ್ಸಿಜನ್ 4 × 8 = 32. ಒಟ್ಟು 48. ಆವೇಶ 2−, ಹಾಗಾಗಿ 48 + 2 = 50.

ಅಮೋನಿಯಂ: ಒಂದು ನೈಟ್ರೋಜನ್ 7, ನಾಲ್ಕು ಹೈಡ್ರೋಜನ್ 4. ಒಟ್ಟು 11. ಆವೇಶ 1+, ಹಾಗಾಗಿ 10.

ನೈಟ್ರೇಟ್: 7 + 24 + 1 = 32. ಕಾರ್ಬೋನೇಟ್: 6 + 24 + 2 = 32. ಫಾಸ್ಫೇಟ್: 15 + 32 + 3 = 50.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದಕ್ಕೆ ಬಳಸುವ ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರ ತಾಮ್ರ 2+, ಎಲೆಕ್ಟ್ರಾನ್ 27. ಸಲ್ಫೇಟ್ 50. ಎರಡೂ ಸೇರಿ 77. ಈಗ ಅಯಾನುಗಳ ಗೊಡವೆಯೇ ಬೇಡ ಅಂದುಕೊಂಡು ಪರಮಾಣುಗಳನ್ನೇ ಕೂಡಿಸಿ: 29 + 16 + 32 = 77. ಅಷ್ಟೇ ಬಂತಲ್ವಾ? ತಾಮ್ರ ಬಿಟ್ಟುಕೊಟ್ಟ ಎರಡು ಎಲೆಕ್ಟ್ರಾನ್ ಸಲ್ಫೇಟ್‌ನಲ್ಲೇ ಇವೆ, ಎಲ್ಲೂ ಕಳೆದುಹೋಗಿಲ್ಲ. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನಲ್ಲಿ ಪ್ರತಿ ತಾಮ್ರದ ಸಲ್ಫೇಟ್ ಜೊತೆ ಐದು ನೀರಿನ ಅಣುಗಳಿರುತ್ತವೆ. ಒಂದೊಂದು ಅಣುವಿಗೆ 10 ಎಲೆಕ್ಟ್ರಾನ್. ಅದನ್ನೂ ಸೇರಿಸಿದರೆ 127.

ಓಆರ್‌ಎಸ್ ಪೊಟ್ಟಣದಲ್ಲಿ ಪೂರ್ತಿ ಲೆಕ್ಕ

ಇಲ್ಲಿಯವರೆಗಿನ ಎಲ್ಲ ಹೆಜ್ಜೆಗಳನ್ನೂ ಒಂದೇ ಕಡೆ ಹಾಕಿ ನೋಡಲು ಓಆರ್‌ಎಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 20.5 ಗ್ರಾಂ ಪುಡಿ. ಅದರಲ್ಲಿ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲುಕೋಸ್ 13.5 ಗ್ರಾಂ. ನೀರಿಗೆ ಹಾಕಿದ ಕೂಡಲೇ ಮೊದಲಿನ ಮೂರೂ ಬಿಡಿಬಿಡಿ ಅಯಾನುಗಳಾಗುತ್ತವೆ. ಗ್ಲುಕೋಸ್ ಮಾತ್ರ ಇಡೀ ಅಣುವಾಗಿಯೇ ಉಳಿಯುತ್ತದೆ.

ಸೋಡಿಯಂ ಅಯಾನಿನಲ್ಲಿ 10 ಎಲೆಕ್ಟ್ರಾನ್ ಅಂತ ಆಗಲೇ ನೋಡಿದೆವು. ಪೊಟ್ಯಾಸಿಯಂ 19 − 1 = 18. ಕ್ಲೋರೈಡ್ 18. ಗ್ಲುಕೋಸ್‌ನಲ್ಲಿ ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಕ್ಸಿಜನ್: 36 + 12 + 48 = 96. ಆವೇಶ ಇಲ್ಲ, ಹಾಗಾಗಿ 96 ಅಂದರೆ 96.

ಸಿಟ್ರೇಟ್‌ನ ಲೆಕ್ಕ ನಿಧಾನವಾಗಿ ಮಾಡಿ. ಆರು ಕಾರ್ಬನ್, ಐದು ಹೈಡ್ರೋಜನ್, ಏಳು ಆಕ್ಸಿಜನ್, ಆವೇಶ 3−. ಕಾರ್ಬನ್ 6 × 6 = 36. ಹೈಡ್ರೋಜನ್ 5. ಆಕ್ಸಿಜನ್ 7 × 8 = 56. ಒಟ್ಟು 97. ಮೈನಸ್ 3 ಅಂದರೆ ಮೂರು ಎಲೆಕ್ಟ್ರಾನ್ ಹೆಚ್ಚಿಗೆ ಬಂದಿವೆ. 97 + 3 = 100. ಸರಿಯಾಗಿ ನೂರು! ಮಕ್ಕಳಿಗೆ ಕೊಡಲು ಇದಕ್ಕಿಂತ ಖುಷಿಯ ಲೆಕ್ಕ ಇಲ್ಲ. ನೂರು ಬರಲಿಲ್ಲ ಅಂದರೆ ಎಲ್ಲೋ ತಪ್ಪಿದೆ ಅಂತ ಅವರಿಗೇ ಗೊತ್ತಾಗುತ್ತದೆ.

ಇದೇ ದ್ರಾವಣದಲ್ಲಿ ಇನ್ನೊಂದು ಸೊಗಸು ಇದೆ. ಕಲಸಿದ ಮೇಲೆ ಒಂದು ಲೀಟರಿನಲ್ಲಿ ಸೋಡಿಯಂ 75 ಮಿಲಿಮೋಲ್ (ಕಣಗಳನ್ನು ಎಣಿಸುವ ಅಳತೆ), ಪೊಟ್ಯಾಸಿಯಂ 20, ಕ್ಲೋರೈಡ್ 65, ಸಿಟ್ರೇಟ್ 10 ಇರುತ್ತವೆ. ಪ್ಲಸ್ ಕಡೆ ಕೂಡಿಸಿ: 75 + 20 = 95. ಮೈನಸ್ ಕಡೆ ಕ್ಲೋರೈಡ್ 65, ಸಿಟ್ರೇಟ್ ಒಂದಕ್ಕೆ ಮೂರರಂತೆ 30, ಒಟ್ಟು 95. ಎರಡೂ ಸಮ. ಒಂದು ಕಡೆ ಹೋದ ಎಲೆಕ್ಟ್ರಾನ್‌ಗಳೆಲ್ಲ ಇನ್ನೊಂದು ಕಡೆ ಲೆಕ್ಕಕ್ಕೆ ಸಿಕ್ಕಿವೆ. ಉಪ್ಪು ಯಾವುದೇ ಇರಲಿ, ದ್ರಾವಣ ಯಾವುದೇ ಇರಲಿ, ಪ್ಲಸ್ ಮೈನಸ್ ಸಮ ಆಗಲೇಬೇಕು. ಆಗಲಿಲ್ಲ ಅಂದರೆ ಯಾವುದೋ ಒಂದರ ಆವೇಶವನ್ನು ತಪ್ಪಾಗಿ ಹಾಕಿದ್ದೀರಿ.

ಉತ್ತರ ಬಂದ ಮೇಲೆ ಒಂದು ಕಣ್ಣು

ಎರಡು ಪರೀಕ್ಷೆ ಆಗಲೇ ಬಂದವು: ಅಯಾನುಗಳ ಮೊತ್ತ ತಟಸ್ಥ ಪರಮಾಣುಗಳ ಮೊತ್ತಕ್ಕೆ ಸಮ ಇರಬೇಕು, ಆವೇಶಗಳು ಒಂದನ್ನೊಂದು ರದ್ದು ಮಾಡಬೇಕು. ಮೂರನೆಯದೂ ಒಂದಿದೆ, ತುಂಬ ಬೇಗ ಆಗುತ್ತದೆ. ಬಂದ ಸಂಖ್ಯೆ ಸಮವೋ ಬೆಸವೋ ನೋಡಿ. ಪಠ್ಯದಲ್ಲಿ ಸಿಗುವ ಸಾಮಾನ್ಯ ಅಣುಗಳಲ್ಲಿ, ಸಲ್ಫೇಟ್, ಕಾರ್ಬೋನೇಟ್, ಅಮೋನಿಯಂ ಥರದ ಅಯಾನುಗಳಲ್ಲಿ ಎಲೆಕ್ಟ್ರಾನ್ ಒಟ್ಟು ಸಮಸಂಖ್ಯೆ. ಎಲೆಕ್ಟ್ರಾನ್‌ಗಳು ಜೋಡಿಯಾಗಿ ಇರುವುದರಿಂದ ಹೀಗೆ. ಸಲ್ಫೇಟ್‌ಗೆ 49 ಬಂದರೆ ಮತ್ತೊಮ್ಮೆ ಕೂಡಿಸಿ. ಇದಕ್ಕೆ ಹೊರತಾದವೂ ಇವೆ. ನೈಟ್ರಿಕ್ ಆಕ್ಸೈಡ್‌ನಲ್ಲಿ 15, ನೈಟ್ರೋಜನ್ ಡೈಆಕ್ಸೈಡ್‌ನಲ್ಲಿ 23. ಫೆರಿಕ್, ಕ್ಯುಪ್ರಿಕ್‌ನಂಥ ಲೋಹದ ಅಯಾನುಗಳಿಗೂ ಈ ಪರೀಕ್ಷೆ ಹಚ್ಚಬೇಡಿ.

ಒಟ್ಟು ಎಲೆಕ್ಟ್ರಾನೋ, ವೇಲೆನ್ಸಿ ಎಲೆಕ್ಟ್ರಾನೋ?

ಪ್ರಶ್ನೆಯನ್ನು ಪೂರ್ತಿ ಓದದೆ ಅಂಕ ಹೋಗುವ ಜಾಗ ಇದು. ವೇಲೆನ್ಸಿ ಎಲೆಕ್ಟ್ರಾನ್ ಅಂದರೆ ಹೊರಗಿನ ಕವಚದವು ಮಾತ್ರ. ಲೂಯಿಸ್ ಚಿತ್ರ (ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಿಂದ ತೋರಿಸುವ ಚಿತ್ರ) ಬರೆಯುವಾಗ ಬೇಕಾಗುವುದು ಅವು. ಸಲ್ಫೇಟ್‌ನಲ್ಲಿ ಸಲ್ಫರ್ 6, ಆಕ್ಸಿಜನ್ 4 × 6 = 24, ಆವೇಶದ 2, ಒಟ್ಟು 32. ಒಟ್ಟು ಎಲೆಕ್ಟ್ರಾನ್ ಕೇಳಿದರೆ 50. ಉಳಿದ 18 ಒಳಕವಚಗಳಲ್ಲಿವೆ.

ಉತ್ಕರ್ಷಣ ಸಂಖ್ಯೆಯನ್ನು (ಲೆಕ್ಕದ ಅನುಕೂಲಕ್ಕೆ ಒಂದೊಂದು ಪರಮಾಣುವಿಗೂ ಹಚ್ಚುವ ಆವೇಶ) ಅಯಾನಿನ ಆವೇಶ ಅಂದುಕೊಳ್ಳುವುದೂ ಆಗಾಗ ಆಗುತ್ತದೆ. ಪರ್ಮಾಂಗನೇಟ್‌ನಲ್ಲಿ ಒಂದು ಮ್ಯಾಂಗನೀಸ್ (25), ನಾಲ್ಕು ಆಕ್ಸಿಜನ್, ಆವೇಶ 1−. ಮ್ಯಾಂಗನೀಸ್‌ನ ಉತ್ಕರ್ಷಣ ಸಂಖ್ಯೆ +7. ಕೆಲವರು 25ರಲ್ಲಿ 7 ಕಳೆದು 18 ಅನ್ನುತ್ತಾರೆ, ಆಕ್ಸಿಜನ್‌ಗೆ ಮಾತ್ರ ಎಂಟರಂತೆ 32 ಹಾಕಿ 50 ಅಂತ ಬರೆಯುತ್ತಾರೆ. ಸರಿ ಉತ್ತರ 25 + 32 + 1 = 58. ಉತ್ಕರ್ಷಣ ಸಂಖ್ಯೆಯ ದಾರಿಯಲ್ಲೇ ಹೋಗಬೇಕು ಅಂದರೆ ಆಕ್ಸಿಜನ್‌ಗೂ ಅದನ್ನೇ ಹಚ್ಚಿ, ತಲಾ −2. ಆಗ ಒಂದೊಂದು ಆಕ್ಸಿಜನ್‌ಗೆ 10, ನಾಲ್ಕಕ್ಕೆ 40. 18 + 40 = 58. ಎಲ್ಲದಕ್ಕೂ ಹಚ್ಚಿ, ಇಲ್ಲವೇ ಯಾವುದಕ್ಕೂ ಹಚ್ಚಬೇಡಿ.

ಎಲೆಕ್ಟ್ರಾನ್ ಅಷ್ಟೇ, ಧಾತು ಬೇರೆ

10 ಎಲೆಕ್ಟ್ರಾನ್ ಇರುವವರ ಬಳಗ ದೊಡ್ಡದು: ನೈಟ್ರೈಡ್, ಆಕ್ಸೈಡ್, ಫ್ಲೋರೈಡ್, ನಿಯಾನ್, ಸೋಡಿಯಂ, ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಅಯಾನುಗಳು. ಇವುಗಳನ್ನು ಸಮಎಲೆಕ್ಟ್ರಾನಿಕ ಅನ್ನುತ್ತಾರೆ. ನೀಟ್‌ನಲ್ಲಿ ಇವುಗಳ ಗಾತ್ರದ ಕ್ರಮ ಕೇಳುವುದು ಮಾಮೂಲು. ಎಲೆಕ್ಟ್ರಾನ್ ಎಲ್ಲರಲ್ಲೂ ಹತ್ತೇ, ಆದರೆ ಎಳೆಯುವ ಪ್ರೋಟಾನ್ ಬೇರೆ ಬೇರೆ. ಆಕ್ಸೈಡ್‌ನಲ್ಲಿ 8 ಪ್ರೋಟಾನ್ ಎಳೆದರೆ ಅಲ್ಯೂಮಿನಿಯಂನಲ್ಲಿ 13 ಎಳೆಯುತ್ತವೆ. ಹಾಗಾಗಿ ಅಯಾನಿನ ತ್ರಿಜ್ಯ ಆಕ್ಸೈಡ್ 140 ಪಿಕೋಮೀಟರ್, ಫ್ಲೋರೈಡ್ 133, ಸೋಡಿಯಂ 102, ಮೆಗ್ನೀಸಿಯಂ 72, ಅಲ್ಯೂಮಿನಿಯಂ ಸುಮಾರು 54 ಅಂತ ಇಳಿಯುತ್ತಾ ಹೋಗುತ್ತದೆ.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಎಲೆಕ್ಟ್ರಾನ್ ಹಂಚಿಕೆ 2, 8, 8 ಅಂತ ಕೊಟ್ಟು ಯಾವ ಧಾತು ಅಂತ ಕೇಳಿದರೆ ಆರ್ಗಾನ್ ಅಂತ ಕೂಡಲೇ ಬರೆದುಬಿಡಬೇಡಿ. ಪೊಟ್ಯಾಸಿಯಂ ಅಯಾನೂ ಆಗಬಹುದು, ಕ್ಲೋರೈಡ್ ಕೂಡ ಆಗಬಹುದು. ಆವೇಶ ಎಷ್ಟು ಅಂತ ನೋಡಿಯೇ ಹೇಳಬೇಕು.

ತಿರುಗಿಸಿ ಕೇಳಿದರೆ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇಷ್ಟವಾದ ಬಗೆ ಇದು. "ಒಂದು ಅಯಾನಿನ ರಾಶಿ ಸಂಖ್ಯೆ 127, ಆವೇಶ 1−. ಅದರಲ್ಲಿ ಎಲೆಕ್ಟ್ರಾನ್‌ಗಿಂತ 20 ನ್ಯೂಟ್ರಾನ್ ಹೆಚ್ಚಿವೆ. ಅಯಾನು ಯಾವುದು?"

ಗೊತ್ತಿಲ್ಲದ್ದನ್ನೆಲ್ಲ ಎಲೆಕ್ಟ್ರಾನ್ ಲೆಕ್ಕದಲ್ಲೇ ಬರೆಯಿರಿ. ಎಲೆಕ್ಟ್ರಾನ್ 'ಎ' ಇರಲಿ. ಆವೇಶ 1− ಆದ್ದರಿಂದ ಪ್ರೋಟಾನ್ ಒಂದು ಕಡಿಮೆ: ಎ − 1. ನ್ಯೂಟ್ರಾನ್: ಎ + 20. ಪ್ರೋಟಾನ್, ನ್ಯೂಟ್ರಾನ್ ಕೂಡಿದರೆ 127. ಅಂದರೆ 2ಎ + 19 = 127, 2ಎ = 108, ಎ = 54. ಪ್ರೋಟಾನ್ 53. ಅದು ಅಯೋಡಿನ್, ಅಯಾನು ಅಯೋಡೈಡ್. ಪ್ರಶ್ನೆಯಲ್ಲಿ "ಶೇಕಡಾ ಇಷ್ಟು ಹೆಚ್ಚು" ಅಂತ ಬಂದರೂ ದಾರಿ ಇದೇ, ನ್ಯೂಟ್ರಾನ್ ಸಾಲು ಮಾತ್ರ ಬದಲಾಗುತ್ತದೆ.

ಗ್ರಾಂನಲ್ಲಿ ಕೇಳಿದರೆ ಮೊದಲು ಮೋಲ್‌ಗೆ ತನ್ನಿ (ಒಂದು ಮೋಲ್ ಅಂದರೆ 6.022 × 10²³ ಕಣಗಳು). 4 ಗ್ರಾಂ ಕ್ಯಾಲ್ಸಿಯಂ ಅಯಾನು ಅಂದರೆ 0.1 ಮೋಲ್. ಒಂದೊಂದು ಅಯಾನಿಗೆ 18 ಎಲೆಕ್ಟ್ರಾನ್, ಹಾಗಾಗಿ 1.8 ಮೋಲ್ ಎಲೆಕ್ಟ್ರಾನ್. 6.022 × 10²³ರಿಂದ ಗುಣಿಸಿದರೆ ಸುಮಾರು 1.084 × 10²⁴. ಎರಡು ಎಲೆಕ್ಟ್ರಾನ್ ಹೋದದ್ದಕ್ಕೆ ತೂಕದಲ್ಲಿ ಏನಾದರೂ ಕಳೆಯಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಕಿಲ್ಲ. ಎಲೆಕ್ಟ್ರಾನಿನ ರಾಶಿ ಪ್ರೋಟಾನಿನ 1836ರಲ್ಲಿ ಒಂದು ಪಾಲು ಮಾತ್ರ.

ಸೂರ್ಯನಲ್ಲಿರುವ ಕಬ್ಬಿಣ

ಬೀಕರ್‌ನಲ್ಲಿ ಕಬ್ಬಿಣ ಎರಡೋ ಮೂರೋ ಎಲೆಕ್ಟ್ರಾನ್ ಬಿಡುತ್ತದೆ. ಸೂರ್ಯನ ಹೊರವಲಯವಾದ ಕರೋನಾದಲ್ಲಿ ಹಾಗಲ್ಲ. ಅಲ್ಲಿನ ತಾಪ ಹತ್ತು ಲಕ್ಷ ಡಿಗ್ರಿಯನ್ನೂ ಮೀರುತ್ತದೆ. 1869ರ ಸೂರ್ಯಗ್ರಹಣದಲ್ಲಿ ಕರೋನಾದ ಬೆಳಕಿನಲ್ಲಿ ಒಂದು ಹಸಿರು ಗೆರೆ ಕಂಡಿತು. ಭೂಮಿಯ ಮೇಲಿನ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತುವೇ ಇರಬೇಕು ಅಂದುಕೊಂಡು "ಕರೋನಿಯಂ" ಅಂತ ಹೆಸರಿಟ್ಟರು. ಸುಮಾರು ಎಪ್ಪತ್ತು ವರ್ಷ ಆ ಒಗಟು ಬಿಡಲಿಲ್ಲ. 1940ರ ಆಸುಪಾಸಿನಲ್ಲಿ ಗ್ರೋಟ್ರಿಯನ್ ಮತ್ತು ಎಡ್ಲೆನ್ ಎಂಬ ವಿಜ್ಞಾನಿಗಳ ಕೆಲಸದಿಂದ ಗೊತ್ತಾಯಿತು, ಅದು ನಮ್ಮ ಕಬ್ಬಿಣವೇ. ಆದರೆ 13 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಲೆಕ್ಕ ಹಾಕಿ: 26 − 13 = 13. ಅಲ್ಯೂಮಿನಿಯಂ ಪರಮಾಣುವಿನಲ್ಲಿ ಇರುವಷ್ಟೇ ಎಲೆಕ್ಟ್ರಾನ್.

2023ರ ಸೆಪ್ಟೆಂಬರ್ 2ರಂದು ಸೂರ್ಯನ ಅಧ್ಯಯನಕ್ಕೆ ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಈ ಹಸಿರು ಗೆರೆಯನ್ನು ನೋಡುವ ಉಪಕರಣವಿದೆ. ಆ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಹೊಸಕೋಟೆಯ ತನ್ನ ಕೇಂದ್ರದಲ್ಲಿ. ಅದರ ಬಗ್ಗೆ ಓದುವಾಗ ಕಬ್ಬಿಣದ ಸಂಕೇತದ ಮುಂದೆ ರೋಮನ್ ಅಂಕಿಯಲ್ಲಿ 14 ಅಂತ ಇರುತ್ತದೆ. ಇಲ್ಲಿ ಎಚ್ಚರ ಬೇಕು. ರಸಾಯನ ವಿಜ್ಞಾನದಲ್ಲಿ ರೋಮನ್ ಅಂಕಿ ಅಂದರೆ ಆವೇಶ. ಖಗೋಳ ವಿಜ್ಞಾನಿಗಳು ತಟಸ್ಥ ಪರಮಾಣುವಿಗೇ 1 ಅಂತ ಎಣಿಕೆ ಶುರು ಮಾಡುತ್ತಾರೆ. ಹಾಗಾಗಿ ಅವರ 14 ಅಂದರೆ 13+. ರಸಾಯನ ಪುಸ್ತಕದ ಕ್ಯಾಲ್ಸಿಯಂ 2ರಲ್ಲಿ 18 ಎಲೆಕ್ಟ್ರಾನ್, ಸೂರ್ಯನ ರೋಹಿತದ ಕ್ಯಾಲ್ಸಿಯಂ 2ರಲ್ಲಿ 19. ಯಾರು ಬರೆದದ್ದು ಅಂತ ನೋಡಿಕೊಳ್ಳಿ, ಖಗೋಳ ವಿಜ್ಞಾನಿಗಳದ್ದಾದರೆ ಆ ರೋಮನ್ ಅಂಕಿಯಲ್ಲಿ ಒಂದು ಕಳೆಯಿರಿ.

ನೀವೇ ಮಾಡಿ

1. ಸಲ್ಫೈಡ್ ಅಯಾನು, 2−.
2. ಬೈಕಾರ್ಬೋನೇಟ್: ಒಂದು ಹೈಡ್ರೋಜನ್, ಒಂದು ಕಾರ್ಬನ್, ಮೂರು ಆಕ್ಸಿಜನ್, ಆವೇಶ 1−.
3. ಅಮೋನಿಯಂ ಸಲ್ಫೇಟ್ ಗೊಬ್ಬರ: ಎರಡು ಅಮೋನಿಯಂ, ಒಂದು ಸಲ್ಫೇಟ್.
4. ಡೈಕ್ರೋಮೇಟ್: ಎರಡು ಕ್ರೋಮಿಯಂ (24), ಏಳು ಆಕ್ಸಿಜನ್, ಆವೇಶ 2−.
5. ಮರ್ಕ್ಯುರಸ್ ಅಯಾನು: ಎರಡು ಪಾದರಸ (80) ಜೋಡಿಯಾಗಿ, ಆವೇಶ 2+.

ಉತ್ತರಗಳು: 18, 32, 70, 106, 158. ಮೂರನೆಯದನ್ನು ಎರಡು ದಾರಿಯಲ್ಲಿ ಮಾಡಿ ನೋಡಿ: ಅಯಾನುಗಳಿಂದ 10 + 10 + 50, ಪರಮಾಣುಗಳಿಂದ 14 + 8 + 16 + 32. ಐದನೆಯದಕ್ಕೆ 156 ಬಂದಿದ್ದರೆ ಒಂದೊಂದು ಪಾದರಸಕ್ಕೂ 2+ ಹಚ್ಚಿದ್ದೀರಿ. ಆ 2+ ಇಡೀ ಜೋಡಿಯದು.